ಶಿಯಾನಿನ ಅತ್ತೆ, ಕೋರದ ಅತ್ತೆ

ಹೊರಡುವ ಮುಂಚೆ

ಚೀನಾಕ್ಕೆ ಹೋದ ಮೇಷ್ಟ್ರುಗಳ ಗುಂಪಿನಲ್ಲಿ ಮೇಷ್ಟ್ರಲ್ಲದವರಲ್ಲಿ ನಾನೊಬ್ಬಳು. ತುಮಕೂರಿನ ಹತ್ತಿರದ ಕೋರ ಎಂಬ ಊರಿನವಳು. ವಯಸ್ಸಾದ ಮೇಲೆ ಸಾಕ್ಷರತೆ ಕ್ಲಾಸಿಗೆ ಹೋಗಿ ಅಕ್ಷರ ಕಲಿತೆ. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ಇಷ್ಟು ಬರೆಯುತ್ತೇನೆ. ಕಾಗುಣಿತ ತಿದ್ದಿದ್ದು ಮಗಳು ಗಿರಿಜಾ. ಒಂದೆರಡು ಕಡೆ ಅವಳು ಮುಖ ಸಿಂಡರಿಸಿದಳು. ತೆಗೆಯಲು ನಾನು ಬಿಡಲಿಲ್ಲ.

ಗಿರಿಜಾ ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಾಳೆ. ಮನೆ ತುಮಕೂರಿನ ಸದಾಶಿವನಗರ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಇತಿಹಾಸ ಹೇಳುವ ಮೇಷ್ಟ್ರುಗಳಿಗೆ ಚೀನಾ ತೋರಿಸಿ ಅಲ್ಲಿನ ಚರಿತ್ರೆ, ಸಂಸ್ಕೃತಿ ತಿಳಿಸುವ ಒಂದು ಪ್ರವಾಸಕ್ಕೆ ಅವಳ ಹೆಸರು ಬಂತು. ಆ ದೇಶದಲ್ಲಿ ಒಲಿಂಪಿಕ್ಸ್ ನಡೆಯುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬರಬಹುದು ಅಂದಿದ್ದರು. ಅವಳ ಗಂಡ ಲೋಕೇಶಪ್ಪನವರಿಗೆ ಕರೆಂಟ್ ಆಫೀಸಿನಲ್ಲಿ ರಜೆ ಸಿಗಲಿಲ್ಲ. ನಾನು ಹೋದೆ.

ಇದರ ಹಿಂದೆ ಇನ್ನೊಂದು ವಿಷಯ ಇತ್ತು. ಹೋದವರಲ್ಲಿ ಒಬ್ಬರಿಗೆ ಶಿಯಾನ್ ಎಂಬ ಊರಿನ ಕಾಲೇಜಿನಲ್ಲಿ ಒಂದು ವರ್ಷ ಓದುವ ಅವಕಾಶ ಕೊಡುತ್ತಾರಂತೆ. ಗಿರಿಜಾಗೆ ಅದು ಬೇಕಾಗಿತ್ತು. ಸೀರೆ, ಒಡವೆ ಯಾವುದನ್ನೂ ಅವಳು ಹಾಗೆ ಬೇಕು ಅಂದವಳಲ್ಲ. ಲೋಕೇಶಪ್ಪನವರು ಕೆಟ್ಟವರಲ್ಲ, ಆದರೆ ಒಂದು ಮಾತು ಹೇಳಿಬಿಟ್ಟರು: “ನಿಮ್ಮವ್ವ ಬಂದು ಒಂದು ವರ್ಷ ಮನೆ, ಮಕ್ಳು ನೋಡ್ಕೊಂಡ್ರೆ ಹೋಗು. ಇಲ್ದಿದ್ರೆ ಬ್ಯಾಡ.” ಎರಡು ಮಕ್ಕಳು, ಇಬ್ಬರೂ ಸ್ಕೂಲಿಗೆ ಹೋಗುವವರು.

ನನಗೆ ಇಷ್ಟವಿರಲಿಲ್ಲ. ನಮ್ಮ ಕಡೆ ಅತ್ತೆ ಅಳಿಯನ ಮುಂದೆ ಕೂರುವುದಿಲ್ಲ. ಅಳಿಯ ಒಳಗೆ ಬಂದರೆ ಎದ್ದು ಬಾಗಿಲ ಮರೆಗೆ ಹೋಗುವುದು. ನೇರ ಮಾತಿಲ್ಲ. “ಕಾಫಿ ಬೇಕಾ ಅಂತ ನಿಮ್ಮಪ್ಪನ್ನ ಕೇಳು” ಅಂತ ಮಗುವಿಗೆ ಹೇಳುವುದು. “ಬೇಕು ಅಂತ ನಿಮ್ಮಜ್ಜಿಗೆ ಹೇಳು” ಅಂತ ಅವರೂ ಮಗುವಿಗೇ ಹೇಳುವುದು. ಇಬ್ಬರಿಗೂ ಕೇಳಿಸಿರುತ್ತದೆ. ಈಗಿನವರು ಇದನ್ನೆಲ್ಲ ಬಿಟ್ಟಿದ್ದಾರೆ, ನಾನು ಬಿಟ್ಟಿರಲಿಲ್ಲ. ಕೋರದಲ್ಲಾದರೆ ಹಿತ್ತಿಲಿದೆ, ಅಳಿಯ ಬಂದರೆ ಎಮ್ಮೆ ಕಡೆ ಹೋಗಿಬಿಡಬಹುದು. ಸದಾಶಿವನಗರದ ಮನೆಯಲ್ಲಿ ಎತ್ತ ಹೋದರೂ ಎದುರಿಗೇ ಸಿಗುತ್ತಾರೆ. ಎರಡು ದಿನ ಇದ್ದರೆ ಅಡುಗೆಮನೆ ಬಾಗಿಲಲ್ಲಿ ನಿಂತೂ ನಿಂತೂ ಸೊಂಟ ಹಿಡಿದುಕೊಳ್ಳುತ್ತದೆ. ಒಂದು ವರ್ಷ ಹೇಗೆ ನಿಲ್ಲುವುದು? ಅದೂ ಅಲ್ಲದೆ, ಗಂಡ ಹೋದ ಮೇಲೆ ಮನೆ, ಹೊಲ, ಎಮ್ಮೆ ನಾನೇ ನೋಡಿಕೊಂಡು ಬಂದವಳು. ಯಾವಾಗ ಉಣ್ಣಬೇಕು, ಯಾವಾಗ ಮಲಗಬೇಕು ಅಂತ ಯಾರನ್ನೂ ಕೇಳುವ ಹಾಗಿರಲಿಲ್ಲ. ಅದು ನನಗೆ ಹಿಡಿಸಿತ್ತು.

“ಅಲ್ಲಿಂದ ವಾಪಸ್ ಬರೋದ್ರೊಳಗೆ ಹೇಳ್ತೀನಿ ಬುಡು” ಅಂದೆ ಗಿರಿಜಾಗೆ.

ಬೀಜಿಂಗ್

ವಿಮಾನದಿಂದ ಇಳಿದ ಕೂಡಲೇ ನನ್ನ ರಾಗಿ ಹಿಟ್ಟಿನ ಡಬ್ಬಿ ಹಿಡಿದರು. ಟೋಪಿ ಹಾಕಿದ್ದ ಹುಡುಗಿ ಮುಚ್ಚಳ ತೆಗೆದು ಮೂಸಿ ಇನ್ನೊಬ್ಬನನ್ನು ಕರೆದಳು. ಅವನೂ ಮೂಸಿದ. ನಾನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಹಸಿ ಹಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ವಿಷ ಕುಡಿದವಳನ್ನು ನೋಡುವ ಹಾಗೆ ಇಬ್ಬರೂ ನನ್ನನ್ನು ನೋಡಿದರು. ಡಬ್ಬಿ ಕೊಡಲಿಲ್ಲ.

“ಎಲ್ರ ಮುಂದೆ ಮರ್ಯಾದೆ ತೆಗೀಬ್ಯಾಡ ಕಣವ್ವ” ಅಂದಳು ಗಿರಿಜಾ.

“ಹಿಟ್ಟು ಹೋಗಿದ್ದು ನಂದು. ನಿಂದೇನು ಹೋಯ್ತು?”

ನಮ್ಮನ್ನು ಸುತ್ತಿಸುವುದಕ್ಕೆ ಒಬ್ಬಳು ಹುಡುಗಿ ಇದ್ದಳು. ಲಿಲ್ಲಿ ಅಂತ ಕರೆಯಿರಿ ಅಂದಳು. ಅದು ಅವಳ ನಿಜವಾದ ಹೆಸರಲ್ಲವಂತೆ. ಬಂದವರ ನಾಲಿಗೆಗೆ ಸುಲಭವಾಗಲಿ ಅಂತ ಇಟ್ಟುಕೊಂಡಿದ್ದು. ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಗಿರಿಜಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮಧ್ಯೆ ಒಬ್ಬರನ್ನು ಇಟ್ಟುಕೊಂಡು ಮಾತಾಡುವುದು ನನಗೆ ಹೊಸದೇನಲ್ಲ.

ಅಲ್ಲಿನ ಜನ ಬಿಸಿನೀರು ಕುಡಿಯುತ್ತಾರೆ. ಬಿಸಿಲಲ್ಲೂ ಬಿಸಿನೀರು, ಊಟಕ್ಕೂ ಬಿಸಿನೀರು. ರೂಮಿನಲ್ಲಿ ಫ್ಲಾಸ್ಕು, ರೈಲಿನಲ್ಲಿ ಫ್ಲಾಸ್ಕು. ತಣ್ಣೀರು ಕೇಳಿದರೆ ನನಗೇನೋ ಕಾಯಿಲೆ ಇದೆ ಅನ್ನುವಂತೆ ನೋಡುತ್ತಿದ್ದರು. ಆಮೇಲೆ ನನಗೇ ಅಭ್ಯಾಸವಾಯಿತು. ಕಕ್ಕಸಿನ ವಿಷಯ ಗಿರಿಜಾ ಬರೆಯಬೇಡ ಅಂದಳು, ಆದರೂ ಬರೆಯುತ್ತೇನೆ. ರಸ್ತೆ ಬದಿಯ ಕೆಲವು ಕಕ್ಕಸುಗಳಿಗೆ ಬಾಗಿಲೇ ಇಲ್ಲ. ಸಾಲಾಗಿ ಕೂತು ಹೆಂಗಸರು ಮಾತಾಡುತ್ತಿರುತ್ತಾರೆ. ಹೊಲದಲ್ಲಾದರೆ ಪೊದೆಯಾದರೂ ಇರುತ್ತದೆ.

ಬೆಳಿಗ್ಗೆ ಪಾರ್ಕಿಗೆ ಕರೆದುಕೊಂಡು ಹೋದರು. ಮುದುಕರು ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಬೆನ್ನಿಗೆ ಒಳ್ಳೆಯದಂತೆ. ನನ್ನ ವಯಸ್ಸಿನ ಹೆಂಗಸರು ಪ್ಯಾಂಟು ಹಾಕಿಕೊಂಡು ಸಾಲು ನಿಂತು ಕುಣಿಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ, ಯಾರೂ ನಾಚುತ್ತಲೂ ಇರಲಿಲ್ಲ. ಮಿಕ್ಕ ಅಜ್ಜಿಯರ ಕೈಯಲ್ಲಿ ಒಂದೊಂದು ಮಗು. ಮಕ್ಕಳ ಚಡ್ಡಿ ಹಿಂದೆ ಸೀಳಿರುತ್ತದೆ, ಕೂತರೆ ತಾನೇ ತೆರೆದುಕೊಳ್ಳುತ್ತದೆ. ಬುದ್ಧಿವಂತಿಕೆ.

“ನೋಡವ್ವ” ಅಂದಳು ಗಿರಿಜಾ. “ಇಲ್ಲಿ ಮಕ್ಳನ್ನ ಸಾಕೋದೆಲ್ಲ ಅಜ್ಜೀರೇ.”

“ಇದನ್ನ ತೋರ್ಸಕ್ಕೆ ನನ್ನ ಇಷ್ಟು ದೂರ ಕರ್ಕೊಂಡು ಬಂದ್ಯೇನೇ?”

ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಹೌದು ಅಂತ ಅರ್ಥ.

ಗೋಡೆ

ದೊಡ್ಡ ಗೋಡೆ ನಿಜವಾಗಿಯೂ ದೊಡ್ಡದು. ನಾನು ಹತ್ತಲಿಲ್ಲ. ದೇವರಾಯನದುರ್ಗದ ಮೆಟ್ಟಿಲನ್ನು ದೇವರಿದ್ದಾನೆ ಅಂತ ಹತ್ತಬಹುದು. ಇಲ್ಲಿ ಮೇಲೆ ಹೋದರೆ ಇನ್ನಷ್ಟು ಗೋಡೆ. ಕೆಳಗೆ ಕಲ್ಲಿನ ಮೇಲೆ ಕೂತುಕೊಂಡೆ.

ಕೂತಲ್ಲಿಗೇ ಜನ ಬಂದರು. ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬ ಹೆಂಗಸು ನನ್ನ ಸೀರೆಯ ನೆರಿಗೆ ಹಿಡಿದು ಇದು ಎಲ್ಲಿ ಸಿಕ್ಕಿಸಿದೆ ಅಂತ ಹುಡುಕಿದಳು. ಕೈ ಮೇಲೆ ಒಂದು ಏಟು ಕೊಟ್ಟೆ. ಅವಳು ಜೋರಾಗಿ ನಕ್ಕು ಒಂದು ಬೇಯಿಸಿದ ಜೋಳದ ತೆನೆ ಕೊಟ್ಟಳು. ತಿಂದೆ. ಉಪ್ಪು ಖಾರ ಏನೂ ಹಚ್ಚಿರಲಿಲ್ಲ.

ಶಿಯಾನ್: ಕುಂಚದ ತರಗತಿ

ಶಿಯಾನಿಗೆ ರೈಲಿನಲ್ಲಿ ಹೋದೆವು. ಅಲ್ಲಿನ ಕಾಲೇಜಿನಲ್ಲಿ ಮೇಷ್ಟ್ರುಗಳಿಗೆ ದಿನಾ ಪಾಠ. ಯಾವ ರಾಜ, ಆಮೇಲೆ ಯಾವ ರಾಜ. ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಮೇಷ್ಟ್ರ ಹೆಂಡತಿ ನಿದ್ದೆ ಮಾಡುತ್ತಿದ್ದಳು.

ಒಂದು ದಿನ ಎಲ್ಲರ ಕೈಗೂ ಕುಂಚ, ಮಸಿ ಕೊಟ್ಟು ಅವರ ಅಕ್ಷರ ಬರೆಸಿದರು. ಕುಂಚವನ್ನು ನೆಟ್ಟಗೆ ನಿಲ್ಲಿಸಬೇಕು, ಉಸಿರು ಬಿಗಿ ಹಿಡಿಯಬಾರದು, ಒಂದು ಗೆರೆ ಎಳೆದ ಮೇಲೆ ತಿದ್ದಬಾರದು. ಕುಣಿಗಲ್‌ನಿಂದ ಬಂದಿದ್ದ ರಂಗಸ್ವಾಮಿ ಮೇಷ್ಟ್ರು ಎಳೆದ ಗೆರೆಯ ಮೇಲೆ ಇನ್ನೊಂದು ಎಳೆದು ಸಿಕ್ಕಿಬಿದ್ದರು. ಅಲ್ಲಿನ ಗುರುಗಳು ಮಾತಾಡದೆ ಹೊಸ ಕಾಗದ ಇಟ್ಟರು. ಮತ್ತೆ ಸಿಕ್ಕಿಬಿದ್ದರು. ಮತ್ತೆ ಹೊಸ ಕಾಗದ. ಅಂಗಿ ತುಂಬ ಮಸಿ.

“ಅಕ್ಷರ ಕೆಟ್ಟದಾಗಿ ಬರೆದ ಹುಡುಗ್ರಿಗೆ ನೀವೇನು ಮಾಡ್ತೀರಿ ಮೇಷ್ಟ್ರೇ?” ಅಂತ ಕೇಳಿದೆ.

“ಕಿವಿ ಹಿಂಡ್ತೀನಿ ಅಮ್ಮ.”

“ಹಂಗಾದ್ರೆ ಕಿವಿ ಕೊಡಿ.”

ಎಲ್ಲರೂ ನಕ್ಕರು. ಅವರೂ ನಕ್ಕರು. ಒಳ್ಳೆಯ ಮನುಷ್ಯ. ಆದರೆ ಅವತ್ತು ಸಾಯಂಕಾಲ ಕಾಲೇಜಿನವರು ಒಂದು ವರ್ಷದ ಓದಿಗೆ ಗಿರಿಜಾಳ ಹೆಸರು ಹೇಳಿದರು. ಅವಳು ಒಲ್ಲೆ ಅಂದರೆ ಆ ಅವಕಾಶ ರಂಗಸ್ವಾಮಿ ಮೇಷ್ಟ್ರಿಗೆ ಅಂದರು. ಉತ್ತರ ಹೊರಡುವ ಬೆಳಿಗ್ಗೆ ಕೊಡಬೇಕು. ಅಲ್ಲಿಂದ ಮುಂದೆ ಮೇಷ್ಟ್ರು ನನ್ನ ಬ್ಯಾಗು ಹಿಡಿಯಲು ಶುರುಮಾಡಿದರು.

“ಈ ವಯಸ್ನಲ್ಲಿ ನೀವು ಎರಡು ಮಕ್ಳನ್ನ ನೋಡ್ಕಳೋದು ಕಷ್ಟ ಅಲ್ವಾ ಅಮ್ಮ?” ಅಂದರು.

“ಬ್ಯಾಗು ಭಾರ ಐತೆ, ಸುಮ್ನೆ ನಡೀರಿ” ಅಂದೆ.

ಮಣ್ಣಿನ ಸಿಪಾಯಿಗಳು

ಶಿಯಾನಿನ ಹತ್ತಿರ ನೆಲದೊಳಗೆ ಮಣ್ಣಿನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಸತ್ತ ರಾಜನಿಗೆ ಕಾವಲು. ಆಳೆತ್ತರದವು. ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಹಿಂದೆ ಕುದುರೆಗಳೂ ಇವೆ. ನಮ್ಮ ಕುಣಿಗಲ್ ಫಾರಮಿನ ಕುದುರೆ ಇವಕ್ಕಿಂತ ಎತ್ತರ ಅಂತ ರಂಗಸ್ವಾಮಿ ಮೇಷ್ಟ್ರು ಲಿಲ್ಲಿಗೆ ಹೇಳಿದರು. ಅವಳು ಪಾಪ, ಹೌದಾ ಅಂದಳು.

ನನಗೆ ಗೂಳೂರಿನ ಗಣಪನ ನೆನಪಾಯಿತು. ಅಲ್ಲೂ ಕೆರೆಮಣ್ಣು ತಂದು ಅಷ್ಟೆತ್ತರ ಮಾಡುತ್ತಾರೆ. ದಿನಗಟ್ಟಲೆ ಪೂಜೆ ಮಾಡಿ ಆಮೇಲೆ ಕೆರೆಗೇ ಬಿಟ್ಟುಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಹೊಸ ಮಣ್ಣು. ಇಲ್ಲಿ ರಾಜ ಬಿಡಲು ಒಪ್ಪಿಲ್ಲ. ಸತ್ತ ಮೇಲೂ ಸಿಪಾಯಿ ಬೇಕು ಅಂದಿದ್ದಾನೆ. ಮಾಡಿದವರ ಮನೆಯಲ್ಲಿ ಆ ವರ್ಷ ಬೆಳೆ ಯಾರು ಕೊಯ್ದರು ಅಂತ ಕೇಳಿದೆ. ಪುಸ್ತಕದಲ್ಲಿ ಇಲ್ಲ ಅಂದಳು ಗಿರಿಜಾ.

ಚೀನೀ ಮನೆಯ ಊಟ

ಒಂದು ಭಾನುವಾರ ನಮ್ಮನ್ನು ಗುಂಪು ಗುಂಪಾಗಿ ಊರಿನವರ ಮನೆಗಳಿಗೆ ಊಟಕ್ಕೆ ಕಳಿಸಿದರು. ಗಿರಿಜಾ, ರಂಗಸ್ವಾಮಿ ಮೇಷ್ಟ್ರು, ನಾನು, ಲಿಲ್ಲಿ ಒಂದು ಮನೆಗೆ ಹೋದೆವು. ಹತ್ತಿ ಗಿರಣಿಯವರು ಕೆಲಸಗಾರರಿಗೆ ಕಟ್ಟಿಸಿದ್ದ ಹಳೆಯ ಮನೆಗಳು. ಮೆಟ್ಟಿಲ ಮೇಲೆ ಎಲೆಕೋಸು ಒಟ್ಟಿದ್ದರು.

ಮನೆಯ ಯಜಮಾನಿ ನನ್ನ ವಯಸ್ಸಿನವಳೇ, ಗಿಡ್ಡ ಕೂದಲು. ಝಾಂಗ್ ಅಂತ ಹೆಸರು. ಮಗಳು ಸ್ಕೂಲಿನ ಮೇಡಂ ಆಗಿ ಬೇರೆ ಊರಿನಲ್ಲಿದ್ದಾಳೆ, ಹಬ್ಬಕ್ಕೆ ಬರುತ್ತಾಳೆ. ಮನೆಯಲ್ಲಿ ಇರುವುದು ಈ ಅಜ್ಜಿ, ಅಳಿಯ, ಮೊಮ್ಮಗಳು. ಅಳಿಯ ಮುಂದುಗಡೆ ಬಟ್ಟೆ ಕಟ್ಟಿಕೊಂಡು ಹಿಟ್ಟು ನಾದುತ್ತಿದ್ದ. ಅಜ್ಜಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಹೂರಣ ರುಚಿ ನೋಡಿ ಅಳಿಯನಿಗೆ ಏನೋ ಬೈದಳು. ಅವನು ನಗುತ್ತಾ ಸೊಪ್ಪು ಹೆಚ್ಚು ಹಾಕಿದ.

ಅಭ್ಯಾಸಬಲ, ಆ ಅಳಿಯ ಟೀ ತಂದಾಗ ನಾನು ಸೆರಗು ಎಳೆದುಕೊಂಡು ಎದ್ದು ನಿಂತುಬಿಟ್ಟೆ. ನಾನು ನಿಂತೆ ಅಂತ ಅಜ್ಜಿಯೂ ನಿಂತಳು. ಅವಳು ನಿಂತಳು ಅಂತ ಎಲ್ಲರೂ ನಿಂತರು. ಅಳಿಯ ಟ್ರೇ ಹಿಡಿದು ನಡುವೆ ನಿಂತ. ಯಾರು ಮೊದಲು ಕೂರಬೇಕು ಅಂತ ಯಾರಿಗೂ ಗೊತ್ತಿಲ್ಲ. ಟೀ ಆರಿತು.

“ಕೂತ್ಕೋ ಅವ್ವ, ಅವ್ನೇನು ನಿನ್ನ ಅಳಿಯ ಅಲ್ಲ” ಅಂದಳು ಗಿರಿಜಾ.

ಕಡುಬಿನಂಥದ್ದು ಮಾಡಿದ್ದರು, ಅಂಗೈಯಲ್ಲಿ ಮಡಚಿ ಬೇಯಿಸಿದ್ದು. ಹಂದಿ ಒಲ್ಲೆ ಅಂದಿದ್ದಕ್ಕೆ ನಮಗೆ ಮೊಟ್ಟೆ, ಸೊಪ್ಪು ತುಂಬಿದ್ದರು. ಚೆನ್ನಾಗಿತ್ತು. ತಿಂದ ಮೇಲೆ ಗಿರಿಜಾಗೆ ಅಂದೆ: “ಮಗಳ ಸಂಸಾರ ನೋಡ್ಕಳೋದು ನಿನಗೆ ಇಷ್ಟಾನಾ ಅಂತ ಆಯಮ್ಮನ್ನ ಕೇಳು.”

ಗಿರಿಜಾ ಲಿಲ್ಲಿಗೆ ಹೇಳಿದಳು, ಲಿಲ್ಲಿ ಅಜ್ಜಿಗೆ ಹೇಳಿದಳು. ಅಜ್ಜಿ ಬಹಳ ಹೊತ್ತು ಮಾತಾಡಿದಳು. ಒಮ್ಮೆ ಮಂಡಿ ತೋರಿಸಿದಳು, ಒಮ್ಮೆ ಮೊಮ್ಮಗಳ ತಲೆ ಸವರಿದಳು, ಒಮ್ಮೆ ಅಂಗೈಯಿಂದ ಗೋಡೆ ಬಡಿದು ಅಳಿಯನ ಕಡೆಗೂ ಬಾಗಿಲ ಕಡೆಗೂ ಬೆರಳು ಮಾಡಿದಳು. ಅಳಿಯ ತಲೆ ತಗ್ಗಿಸಿ ನಕ್ಕ. ಲಿಲ್ಲಿಯೂ ಬಹಳ ಹೊತ್ತು ಇಂಗ್ಲಿಷ್ ಹೇಳಿದಳು.

“ಮೊಮ್ಮಗು ಜೊತೆ ಇರೋದು ತುಂಬಾ ಸಂತೋಷ ಅಂತವ್ರೆ” ಅಂದಳು ಗಿರಿಜಾ.

“ಅಷ್ಟೇನಾ? ಅಷ್ಟುದ್ದ ಮಾತಾಡಿದ್ಲು?”

“ಅಷ್ಟೇ ಕಣವ್ವ.”

ಮೇಷ್ಟ್ರ ಕಡೆ ತಿರುಗಿದೆ. “ನೀವು ಹೇಳಿ. ನಿಮಗೂ ಇಂಗ್ಲಿಷ್ ಬತ್ತದಲ್ಲ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಮಂಡಿನೋವು, ಮಗು ಮಾತು ಕೇಳಲ್ಲ, ಮಧ್ಯಾಹ್ನ ಮಲಗೋಕೂ ಆಗಲ್ಲ, ಕಷ್ಟ ಅಂದ್ರು ಅಮ್ಮ.”

ಒಬ್ಬಳು ಸಿಹಿ ಆರಿಸಿಕೊಂಡು ಹೇಳಿದಳು, ಇನ್ನೊಬ್ಬರು ಕಹಿ ಆರಿಸಿಕೊಂಡು ಹೇಳಿದರು. ಇಬ್ಬರಿಗೂ ಅದೇ ಒಂದು ವರ್ಷ ಬೇಕು. ನಾನು ಎರಡನ್ನೂ ಸೇರಿಸಿಕೊಂಡೆ. ಆದರೂ ಏನೋ ಒಂದು ಉಳಿದಿತ್ತು.

“ಗೋಡೆ ಬಡಿದ್ಲಲ್ಲ, ಅದೇನು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಅದು ಹೇಳುವಂಥ ಮಾತು ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ.

“ಈ ಮನೆ ನಂದು ಅಂದ್ರು” ಅಂದಳು ಗಿರಿಜಾ. “ನಾನು ಅವ್ರ ಮನೆಗೆ ಹೋಗಿಲ್ಲ, ಅಳಿಯನೇ ಇಲ್ಲಿಗೆ ಬಂದವ್ನೆ. ಜಗಳ ಬಂದ್ರೆ ಬಾಗಿಲು ದಾಟೋನು ಅವ್ನು, ನಾನಲ್ಲ ಅಂದ್ರು.”

ನಾನು ಅಜ್ಜಿಯನ್ನು ನೋಡಿದೆ. ಅವಳು ನನ್ನನ್ನು ನೋಡಿ ಇನ್ನೆರಡು ಕಡುಬು ಬಡಿಸಿದಳು.

ಹೊರಡುವ ಬೆಳಿಗ್ಗೆ

ಕಾಲೇಜಿನ ದೊಡ್ಡ ಮೇಡಂ ಬಂದು ಗಿರಿಜಾಳ ಉತ್ತರ ಕೇಳಿದರು. ಬಸ್ಸು ನಿಂತಿತ್ತು, ಸಾಮಾನು ಏರಿಸುತ್ತಿದ್ದರು. ಗಿರಿಜಾ ನನ್ನ ಕಡೆ ನೋಡಿದಳು. ಹೈಸ್ಕೂಲಿನ ಮಕ್ಕಳನ್ನು ಗದರಿಸುವವಳು, ಅವತ್ತು ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು.

“ಹೂಂ ಅನ್ನು” ಅಂದೆ. “ಆದ್ರೆ ನಾನು ತುಮಕೂರಿಗೆ ಬರಾಕಿಲ್ಲ. ನಿನ್ನ ಗಂಡ ಮಕ್ಳನ್ನ ಕರ್ಕೊಂಡು ಕೋರಕ್ಕೆ ಬರ್ಲಿ.”

“ಅವ್ವ! ಅವ್ರು ಮನೆ ಅಳಿಯ ಆಗಿ ಇರ್ತಾರಾ? ಪ್ರಾಣ ಹೋದ್ರೂ ಒಪ್ಪಲ್ಲ.”

“ನಾನೂ ಅಲ್ಲಿಗೆ ಬರಕ್ಕೆ ಒಪ್ಪಲ್ಲ.”

“ಒಂದು ಫೋನ್ ಮಾಡಿ ಕೇಳ್ತೀನಿ ತಡಿ.”

“ಫೋನಲ್ಲಿ ಬ್ಯಾಡ ಅನ್ನೋದು ಸುಲಭ. ಅವ್ರು ಅಂದೇಬುಡ್ತಾರೆ. ನೀನು ಸುಮ್ನೆ ಬಂದು ಬಸ್ಸು ಹತ್ತುತೀಯ. ಆಮೇಲೆ ಸಾಯೋ ತನಕ ನನ್ನ ಮುಖ ನೋಡಿದಾಗೆಲ್ಲ ನಿಟ್ಟುಸಿರು ಬಿಡ್ತೀಯ. ನನಗೆ ಅದು ಬ್ಯಾಡ.”

ರಂಗಸ್ವಾಮಿ ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಇತ್ತಲೇ ನೋಡುತ್ತಿದ್ದರು. ಗಿರಿಜಾ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದಳು. ಆ ಮಾತು ನನಗೂ ಗೊತ್ತು. ಮೇಷ್ಟ್ರು ಮೆಟ್ಟಿಲು ಹತ್ತಿ ಒಳಗೆ ಹೋದರು. ಆಮೇಲೆ ನನ್ನ ಬ್ಯಾಗನ್ನು ನಾನೇ ಹಿಡಿದುಕೊಂಡೆ.

ಬೆಂಗಳೂರಿನಿಂದ ತುಮಕೂರಿಗೆ

ವಿಮಾನ ನಿಲ್ದಾಣಕ್ಕೆ ಲೋಕೇಶಪ್ಪನವರು ಬಾಡಿಗೆ ಸುಮೋ ತಂದಿದ್ದರು. ಮಕ್ಕಳು ಸ್ಕೂಲಿಗೆ ಹೋಗಿದ್ದರಿಂದ ಬಂದಿರಲಿಲ್ಲ. ಅವರು ಡ್ರೈವರ್ ಪಕ್ಕ, ನಾವಿಬ್ಬರು ಹಿಂದೆ. ಗೋಡೆ ನೋಡಿದ್ರಾ ಅಂದರು, ಊಟ ಸರಿಹೋಯ್ತಾ ಅಂದರು. ಗಿರಿಜಾ ಎಲ್ಲದಕ್ಕೂ ಹೂಂ ಅಂದಳು. ನೆಲಮಂಗಲ ದಾಟಿದ ಮೇಲೆ ಅವರೇ ಕೇಳಿದರು: “ಆ ಓದಿನ ವಿಷ್ಯ ಏನಾಯ್ತು?”

“ಒಪ್ಕೊಂಡು ಬಂದಿದೀನಿ.”

“ಅತ್ತೆ ಬರ್ತಾರಂತಾ ಹಂಗಾದ್ರೆ?”

ಗಿರಿಜಾ ಕಿಟಕಿಯ ಆಚೆ ನೋಡಿದಳು. ಮಧ್ಯೆ ಇಟ್ಟುಕೊಂಡು ಮಾತಾಡಲು ಮಕ್ಕಳೂ ಇರಲಿಲ್ಲ. ನಾನೇ ಹೇಳಿದೆ: “ನಾನು ಬರಾಕಿಲ್ಲ. ನೀವೇ ಮಕ್ಳನ್ನ ಕರ್ಕೊಂಡು ಕೋರಕ್ಕೆ ಬನ್ನಿ. ಒಂದು ವರ್ಷ ಅಲ್ಲೇ ಇರಿ.”

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅಳಿಯಂದಿರು ತಿರುಗಲಿಲ್ಲ.

“ಗಿರಿಜಾ, ನಿಮ್ಮವ್ವ ಏನಂದ್ರು?”

“ನಿಮಗೇ ಹೇಳಿದ್ದು” ಅಂದೆ. “ಕೇಳಿಸಿರಬೇಕಲ್ಲ.”

ಸ್ವಲ್ಪ ದೂರ ಹೋದ ಮೇಲೆ, “ಆಫೀಸು?” ಅಂದರು.

“ಕೋರದಿಂದ ತುಮಕೂರಿಗೆ ಬಸ್ಸಿಲ್ವಾ? ನಿಮ್ಮೆಂಡ್ತಿ ಇಷ್ಟು ವರ್ಷ ಗುಬ್ಬಿಗೆ ಹೋಗಿಬಂದಿಲ್ವಾ?”

“ಮಕ್ಳ ಸ್ಕೂಲು?”

“ನಿಮ್ಮ ಜೊತೇಲೇ ಬಸ್ಸು ಹತ್ತುತವೆ.”

ದಾಬಸ್‌ಪೇಟೆಯಲ್ಲಿ ಟೀಗೆ ನಿಲ್ಲಿಸಿದರು. ಅವರು ಇಳಿದು ಗ್ಲಾಸು ಹಿಡಿದು ದೂರ ನಿಂತರು. ಗಿರಿಜಾ ಕುಡಿಯಲಿಲ್ಲ. “ಮುಗೀತು ಬುಡವ್ವ” ಅಂದಳು. ನಾನು ನನ್ನದನ್ನು ಕುಡಿದೆ. ವಾಪಸ್ ಬಂದು ಕೂತು ಬಾಗಿಲು ಹಾಕಿಕೊಂಡ ಮೇಲೆ ಅವರು ಮುಂದೆ ನೋಡಿಕೊಂಡೇ ಹೇಳಿದರು: “ಹೆಂಡ್ತೀನ ಚೀನಾಕ್ಕೆ ಕಳ್ಸಿ ಅತ್ತೆ ಮನೆ ಸೇರ್ಕೊಂಡವ್ನೆ ಅಂತಾರೆ ಊರೋರು. ಏನ್ ಹೇಳ್ಲಿ?”

ಆಫೀಸಲ್ಲ, ಸ್ಕೂಲಲ್ಲ. ತಕರಾರು ಇಷ್ಟೇ. ಊರಿನ ಬಾಯಿ ನನಗೂ ಗೊತ್ತು, ಅದು ಸುಳ್ಳಲ್ಲ.

“ಅತ್ತೆ ಕಾಲು ಕೈಕೊಟ್ಟೈತೆ, ನೋಡ್ಕಳಕ್ಕೆ ಯಾರೂ ಇಲ್ಲ, ಅದಕ್ಕೆ ಬಂದಿದೀನಿ ಅನ್ನಿ.”

“ನಿಮ್ಮ ಕಾಲು ಚೆನ್ನಾಗೇ ಐತಲ್ಲ.”

“ಕುಂಟುತೀನಿ ಬುಡಿ.”

ಡ್ರೈವರ್ ನಕ್ಕುಬಿಟ್ಟ. ಅಳಿಯಂದಿರು ಅವನನ್ನು ಒಮ್ಮೆ ನೋಡಿದರು, ಅವನು ಬಾಯಿ ಮುಚ್ಚಿದ. ಕ್ಯಾತ್ಸಂದ್ರ ಬಂತು. ಆಮೇಲೆ ಅವರು ಕೇಳಿದರು, ಈ ಸಲ ತಿರುಗಿ ನನ್ನನ್ನೇ ನೋಡಿ: “ಒಂದು ವರ್ಷಾನೂ ಕುಂಟುತೀರಾ?”

“ಊರೋರು ನೋಡಿದಾಗ ಮಾತ್ರ.”

ಕೋರ

ಗಿರಿಜಾ ಹೋದಳು. ಅಳಿಯಂದಿರು ಮಕ್ಕಳು, ಹಾಸಿಗೆ, ಇಸ್ತ್ರಿಪೆಟ್ಟಿಗೆ ಸಮೇತ ಕೋರಕ್ಕೆ ಬಂದರು. ಅವರು ಅಡುಗೆ ಕಲಿತರು ಅಂದರೆ ಸುಳ್ಳಾಗುತ್ತದೆ. ಬೋರ್‌ವೆಲ್‌ನಿಂದ ನೀರು ತಂದರು, ಎಮ್ಮೆಗೆ ಹುಲ್ಲು ಹಾಕಿದರು, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಒಂದೆರಡು ಸಲ ಜಗಳವೂ ಆಯಿತು, ಟೀವಿಯ ಸದ್ದಿಗೆ. ಸದ್ದು ಕಮ್ಮಿಯಾಯಿತು.

ಊರಿನವರು ವಿಚಾರಿಸಲು ಬಂದರು. ಅಯ್ಯೋ ಪಾಪ, ಬಂಗಾರದಂಥ ಅಳಿಯ ಅಂದರು. ನಾನು ಕುಂಟಿದೆ. ಸುಳ್ಳು ಹೇಳುವುದಕ್ಕಿಂತ ಕುಂಟುವುದು ಕಷ್ಟ, ನೆನಪಿರುವುದಿಲ್ಲ. ಒಂದು ಬೆಳಿಗ್ಗೆ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯಿಂದ ದಡದಡ ಬರುತ್ತಿದ್ದೆ. ಪಕ್ಕದ ಮನೆಯ ಕೆಂಪಮ್ಮ ಮಜ್ಜಿಗೆಗೆ ಅಂತ ಪಾತ್ರೆ ಹಿಡಿದು ಅಂಗಳದಲ್ಲೇ ನಿಂತಿದ್ದಳು. ಅವಳ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ನಾನು ತಟ್ಟನೆ ಬಲಗಾಲು ಎಳೆಯಲು ಶುರುಮಾಡಿದೆ.

ಅಳಿಯಂದಿರು ಜಗಲಿಯ ಕಂಬಕ್ಕೆ ಕನ್ನಡಿ ನೇತುಹಾಕಿ ಗಡ್ಡ ಹೆರೆಯುತ್ತಿದ್ದರು. ಪಕ್ಕದಲ್ಲಿ ಹಾದುಹೋಗುವಾಗ, ಕನ್ನಡಿಯಿಂದ ಕಣ್ಣು ತೆಗೆಯದೆ, ನನಗೆ ಮಾತ್ರ ಕೇಳುವ ಹಾಗೆ ಅಂದರು:

“ಅತ್ತೆ, ಎಡಗಾಲು.”